ಕಂಪ್ಯೂಟರ್ ಕಟ್ಟೆ: ಪ್ರಿಂಟರ್ ಯಾವುದು ಹೇಳಿ, ಓಎಸ್ ಆಮೇಲೆ ನೋಡೋಣ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಮೇಲಿವೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತಲ್ಲ, ಅಲ್ಲಿಂದ ಶುರು. ಸಾಗರದ ನಮ್ಮ ರಿಪೇರಿ ಅಂಗಡಿಗೆ ಬರುವವರದ್ದೂ ಅದೇ ಮಾತು: 'ಇನ್ನು ಯಾವ ಓಎಸ್ ಹಾಕ್ಲಿ?' ಓಎಸ್ ಎಂದರೆ ವಿಂಡೋಸ್, ಲಿನಕ್ಸ್ ಥರದ, ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿರುವ ಪ್ರಿಂಟರ್ ಯಾವುದು? ಕನ್ನಡ ಯಾವುದರಲ್ಲಿ ಟೈಪ್ ಮಾಡ್ತೀರಿ? ಕೆಲವರಿಗೆ ಸಿಟ್ಟು ಬರುತ್ತದೆ, 'ಅದಕ್ಕೂ ಇದಕ್ಕೂ ಏನ್ರೀ ಸಂಬಂಧ' ಎನ್ನುತ್ತಾರೆ. ಏನು ಸಂಬಂಧ ಎಂದು ಮೊದಲ ಪತ್ರದಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಇದು ವಿಂಡೋಸ್ 11ಕ್ಕೆ ಆಗುವುದಿಲ್ಲ ಎಂಬ ಸಂದೇಶ ಬರುತ್ತಿದೆ. ಅಂಗಡಿಯವರು ಹೊಸದು ತಗೊಳ್ಳಿ ಎನ್ನುತ್ತಾರೆ, ಅಣ್ಣನ ಮಗ ಲಿನಕ್ಸ್ ಹಾಕಿಕೊಡ್ತೀನಿ ಎನ್ನುತ್ತಾನೆ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಲೇಖನ, ಯಕ್ಷಗಾನ ಪ್ರಸಂಗಗಳು ರಾಶಿ ಇವೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಏನು ಮಾಡಲಿ?
— ಓದುಗರು, ಶಿರಸಿ

ಉತ್ತರ: ಮೇಷ್ಟ್ರೇ, ಗಾಬರಿ ಬೇಡ. ಬೆಂಬಲ ನಿಂತಿತು ಎಂದರೆ ಲ್ಯಾಪ್‌ಟಾಪ್ ನಿಲ್ಲುತ್ತದೆ ಎಂದಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ, ಅಷ್ಟೆ. ಆದರೆ ಅದೇ ಯಂತ್ರದಲ್ಲಿ ಪಿಂಚಣಿ ಖಾತೆ ತೆಗೆದು ನೋಡುವವರಿಗೆ ಅದು ಸಣ್ಣ ಮಾತಲ್ಲ. ಹೆಚ್ಚುವರಿ ತೇಪೆಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿಕೊಂಡರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸುವ ಕೊಂಡಿ ಇರುತ್ತದೆ. ಅದು ನಿಮಗೆ ಸಿಗುವ ಪುರುಸೊತ್ತು.

ಇನ್ನು, 'ಆಗುವುದಿಲ್ಲ' ಎಂದು ಯಾಕೆ ಬರುತ್ತದೆ? ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮದು ಯಾವ ಜನರೇಷನ್ ಎಂದು ನೋಡುವುದು ಸುಲಭ. ಐ3 ಆದ ಮೇಲೆ 6006 ಎಂದಿದ್ದರೆ ಆರನೇದು, 8130 ಎಂದಿದ್ದರೆ ಎಂಟನೇದು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಊರೂರಲ್ಲೂ ಇದ್ದಾರೆ. ಹಾಕಿದರೆ ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟ್‌ಗೋಸ್ಕರ ಹೊರಟು ಅಪ್‌ಡೇಟ್ ಇಲ್ಲದ ಕಡೆಗೇ ಹೋದ ಹಾಗಾಯಿತು, ಅಲ್ವಾ?

ನಿಮ್ಮ ನಿಜವಾದ ಆಸ್ತಿ ಆ ಹಳೇ ಫೈಲುಗಳು. ಅವುಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ, ಬರುವ ಮೊದಲಿನ ನುಡಿಯಲ್ಲಿ, ಕಂಪ್ಯೂಟರಿನ ಲೆಕ್ಕಕ್ಕೆ ನೀವು ಟೈಪ್ ಮಾಡಿದ್ದು ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಆಕಾರ ತೋರಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಕೊಂಬು, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. 'ವೈರಸ್ ಬಂದಿದೆ' ಎಂದು ಎಷ್ಟೋ ಜನ ಅಂಗಡಿಗೆ ತರುತ್ತಾರೆ. ವೈರಸ್ಸೂ ಇಲ್ಲ, ಏನೂ ಇಲ್ಲ.

ಹಾಗಾಗಿ ವಿಂಡೋಸ್ ಇರುವಾಗಲೇ ಇವನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ನುಡಿಯಲ್ಲೂ ಬರಹ ತಂತ್ರಾಂಶದಲ್ಲೂ ಪರಿವರ್ತಕ ಇದೆ. ಪ್ರಸಂಗಗಳು ಬೇಗ ಮುಗಿಯುತ್ತವೆ, ಅದರಲ್ಲಿರುವುದೆಲ್ಲ ಕನ್ನಡವೇ. ತೊಂದರೆ ಕೊಡುವುದು ಪ್ರಶ್ನೆಪತ್ರಿಕೆಗಳು. ನೀರಿನ ಸೂತ್ರ, ಓಮ್‌ನ ನಿಯಮ, ಎಬಿಸಿ ತ್ರಿಭುಜ ಎಂದೆಲ್ಲ ನಡುನಡುವೆ ಇಂಗ್ಲಿಷ್ ಅಕ್ಷರ ಬಂದಿರುತ್ತವೆ. ಎರಡೂ ಒಂದೇ ಸಂಕೇತ ಬಳಸುವುದರಿಂದ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಪರಿವರ್ತಕಕ್ಕೆ ಗೊತ್ತಾಗದೆ ನಿಮ್ಮ ಸೂತ್ರಗಳನ್ನೂ ಕನ್ನಡ ಮಾಡಿ ಕೂರಿಸುತ್ತದೆ. ಅಂಥ ಫೈಲನ್ನು ಒಟ್ಟಿಗೆ ಕೊಡಬೇಡಿ, ಪ್ಯಾರಾ ಪ್ಯಾರಾ ಕೊಡಿ. ಅರ್ಕಾವತ್ತು, ಒತ್ತಿನ ಮೇಲೆ ಒತ್ತು ಬರುವ ಕಡೆ ಕಣ್ಣಿಟ್ಟು ಓದಿ. ಮೂಲ ಫೈಲನ್ನು ಅಳಿಸಬೇಡಿ.

ಇದಾದ ಮೇಲೆ ಅಣ್ಣನ ಮಗನನ್ನು ಕರೆಯಿರಿ. ಅವನು ಹೇಳಿದ್ದು ಸರಿಯೇ ಇದೆ. ನಿಮ್ಮಂಥವರಿಗೆ ನಾನು ಹಾಕಿಕೊಡುವುದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ಹೊಸದಾಗಿ ಕಲಿಯುವುದು ಕಡಿಮೆ. 22ನೇ ಆವೃತ್ತಿಗೆ 2029ರವರೆಗೆ ತೇಪೆಗಳು ಬರುತ್ತವೆ. ಟೈಪಿಂಗ್‌ಗೆ ಹೆದರಬೇಡಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬ ಆಯ್ಕೆ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸ. ಎಫ್ ಕೀಲಿ ಒತ್ತಿದರೆ ಅರ್ಧಾಕ್ಷರ, ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ನಿಮ್ಮ ಬೆರಳಿಗೆ ಹೊಸದೇನೂ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟ್ ಸಿಗುತ್ತವೆ, ಹಾಕಿಕೊಳ್ಳಿ.

ಈಗ ಪ್ರಿಂಟರ್. ಎಲ್‌ಬಿಪಿ 2900 ಗಟ್ಟಿ ಯಂತ್ರ, ನಮ್ಮ ಕಡೆ ಇಲ್ಲದ ಕಚೇರಿ ಇಲ್ಲ. ಆದರೆ ಅದು ಕ್ಯಾನನ್ನಿನದೇ ಆದ ಕ್ಯಾಪ್ಟ್ ಎಂಬ ಭಾಷೆ ಬಿಟ್ಟು ಬೇರೇನೂ ಅರಿಯದು. ಪುಟವನ್ನು ಚಿತ್ರ ಮಾಡಿ ಕೊಡುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿರುವ ಡ್ರೈವರ್ ಎಂಬ ತಂತ್ರಾಂಶದ್ದು. ಲಿನಕ್ಸ್‌ನಲ್ಲಿ ಅದನ್ನು ಓಡಿಸುವುದು ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಮುಂದೆ ಒಂದು ಸಂಜೆ ಕೂರುವ ಕೆಲಸ. ಕೂತರೂ ಆಗಿಯೇ ಆಗುತ್ತದೆ ಎಂದು ಹೇಳಲಾರೆ. ಅದಕ್ಕೆ ಬೇರೆ ಉಪಾಯ ಇದೆ. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಬಿಚ್ಚಿಸಿ, ಆ ಜಾಗಕ್ಕೆ ವೇಗದ ಹೊಸ ಬಗೆಯ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ಮಿಂಟ್ ಕೂರಿಸಿ. ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಹಳೇ ಡಿಸ್ಕನ್ನು ಕ್ಯಾಡಿ ಎಂಬ ತಟ್ಟೆಯಲ್ಲಿಟ್ಟು ಅಲ್ಲಿಗೆ ತೂರಿಸಬಹುದು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಅಲ್ಲಿಂದಲೂ ಬೂಟ್ ಆಗುತ್ತವೆ, ಅಂದರೆ ಆ ಡಿಸ್ಕಿನಿಂದಲೇ ಶುರುವಾಗುತ್ತವೆ. ದಿನದ ಕೆಲಸ, ಬ್ಯಾಂಕು ಎಲ್ಲ ಮಿಂಟ್‌ನಲ್ಲಿ. ಪ್ರಸಂಗ ಪ್ರಿಂಟ್ ಹಾಕುವ ದಿನ ವೈಫೈ ಆಫ್ ಮಾಡಿ ಹಳೇ ವಿಂಡೋಸ್. ನಿಮ್ಮ ಫೈಲುಗಳು ಇದ್ದಲ್ಲೇ ಇರುತ್ತವೆ, ಮಿಂಟ್ ಒಗ್ಗದಿದ್ದರೆ ಡಿಸ್ಕ್ ಮತ್ತೆ ಅದರ ಜಾಗಕ್ಕೆ. ಜೊತೆಗೆ ರ‍್ಯಾಮ್ 8 ಜಿಬಿ ಮಾಡಿಸಿದರೆ ಒಳ್ಳೆಯದು. ಮುಂದೆ ಪ್ರಿಂಟರ್ ಕೊಳ್ಳುವಾಗ ಡಬ್ಬಿಯ ಮೇಲೆ 'ಏರ್‌ಪ್ರಿಂಟ್' ಎಂದಿದೆಯಾ ನೋಡಿ. ಅದು ಆಪಲ್‌ನವರ ಮಾತಾದರೂ, ಅಂಥವು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಇಲ್ಲದೆಯೇ ಓಡುತ್ತವೆ.

ಪ್ರಶ್ನೆ: ಜವಳಿ ಅಂಗಡಿ ಇದೆ. ಮನೆಯ ಕಂಪ್ಯೂಟರಿನಲ್ಲೇ ಟ್ಯಾಲಿ ಲೆಕ್ಕ. ಲಿನಕ್ಸ್ ಬಿಟ್ಟಿಯಂತೆ, ಹಾಕಿಬಿಡಲೇ?
— ಓದುಗರು, ಗದಗ

ಉತ್ತರ: ಬೇಡ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ವೈನ್ ಎಂಬ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಓಡಿಸುವ ಸಾಹಸ ಮಾಡುವವರಿದ್ದಾರೆ, ಆದರೆ ಜಿಎಸ್‌ಟಿ ಕಟ್ಟುವ ಕೊನೇ ದಿನದ ಸಂಜೆ ಸಾಹಸ ಮಾಡಬಾರದು. ವಿಂಡೋಸ್ 11 ಇರುವ ಯಂತ್ರ ಇಟ್ಟುಕೊಳ್ಳಿ. ಲೈಸೆನ್ಸ್ ಇರುವುದನ್ನೇ ಕೊಳ್ಳಿ. ನೂರು ರೂಪಾಯಿಗೆ 'ಆಕ್ಟಿವೇಟ್' ಮಾಡಿಕೊಡುವವರ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಜೊತೆ ಇನ್ನೂ ಏನೇನು ಬರುತ್ತದೋ ದೇವರಿಗೇ ಗೊತ್ತು. ಆಂಟಿವೈರಸ್ ಆಫ್ ಮಾಡಿ ಎಂದು ಮೊದಲೇ ಹೇಳುತ್ತಾರೆ ನೋಡಿ, ಅಲ್ಲೇ ಅನುಮಾನ ಬರಬೇಕು. ಟ್ಯಾಲಿ ಡೇಟಾ ಫೋಲ್ಡರನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ.

ಪ್ರಶ್ನೆ: ಅಣ್ಣಾ, ನಾನು ಇಂಜಿನಿಯರಿಂಗ್ ಓದ್ತಿದೀನಿ. 8 ಜಿಬಿ ಲ್ಯಾಪ್‌ಟಾಪ್, ವಿಂಡೋಸ್ 11. ಆರ್ಡುಯಿನೋ ಬೋರ್ಡಲ್ಲಿ ಪ್ರಾಜೆಕ್ಟ್ ಮಾಡ್ತೀನಿ, ಪೈಥಾನ್ ಕಲೀತಿದೀನಿ, ರಾತ್ರಿ ಫ್ರೆಂಡ್ಸ್ ಜೊತೆ ವ್ಯಾಲರಂಟ್ ಆಡ್ತೀನಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಆರ್ಚ್ ಲಿನಕ್ಸ್ ಹಾಕು ಅಂತಾರೆ. ವಿಂಡೋಸ್ ತೆಗೆದುಬಿಡ್ಲಾ?
— ಓದುಗರು, ಹುಬ್ಬಳ್ಳಿ

ಉತ್ತರ: ತಮ್ಮಾ, ವ್ಯಾಲರಂಟ್ ಬಿಡುವ ಮನಸ್ಸಿದ್ದರೆ ಮಾತ್ರ ತೆಗಿ. ಅದರ ಮೋಸ ತಡೆಯುವ ವ್ಯವಸ್ಥೆ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ. ಬೇರೆ ಆಟಗಳ ಕಥೆ ಹಾಗಲ್ಲ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ಅದರ ಆಟದ ಅಂಗಡಿಯಾದ ಸ್ಟೀಮ್‌ನಲ್ಲಿರುವ ವಿಂಡೋಸ್ ಆಟಗಳು ಬಹಳಷ್ಟು ಲಿನಕ್ಸ್‌ನಲ್ಲಿ ಆರಾಮಾಗಿ ಓಡುತ್ತವೆ.

ಪೈಥಾನ್‌ಗೆ ವಿಂಡೋಸ್ ತೆಗೆಯಬೇಕಾಗಿಯೇ ಇಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಕೊಡುವ ಡಬ್ಲ್ಯುಎಸ್‌ಎಲ್ ಇದೆ, ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿಕೊ. ಕಮಾಂಡ್‌ಗಳೆಲ್ಲ ಅಲ್ಲೇ ಕಲಿಯಬಹುದು. ಆದರೆ ಯುಎಸ್‌ಬಿಗೆ ಚುಚ್ಚಿದ ಬೋರ್ಡ್ ಅದಕ್ಕೆ ನೇರವಾಗಿ ಕಾಣುವುದಿಲ್ಲ. ಆರ್ಡುಯಿನೋ ಕೆಲಸ ಜಾಸ್ತಿ ಇದ್ದರೆ ಡ್ಯುಯಲ್ ಬೂಟ್, ಅಂದರೆ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಟ್ಟು ಶುರುವಿನಲ್ಲಿ ಬೇಕಾದದ್ದನ್ನು ಆಯ್ದುಕೊಳ್ಳುವುದು ಒಳ್ಳೆಯದು.

ಅದಕ್ಕೆ ಕೈ ಹಾಕುವ ಮುಂಚೆ ಒಂದು ಕೆಲಸ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುವುದುಂಟು. ಬೂಟ್ ಸೆಟ್ಟಿಂಗ್ ಮುಟ್ಟಿದ ಕೂಡಲೇ ನೀಲಿ ಪರದೆ ಬಂದು 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಅದು ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ತೆಗೆದು ಕಾಗದದಲ್ಲಿ ಬರೆದಿಟ್ಟುಕೊ. ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿ ಹುಡುಗ ಯಾವುದೋ ಇಮೇಲ್‌ನಲ್ಲಿ ಖಾತೆ ಮಾಡಿಕೊಟ್ಟಿದ್ದರೆ, ಆ ಇಮೇಲ್ ಯಾವುದು ಎಂದು ಇವತ್ತೇ ಹುಡುಕು.

ಲಿನಕ್ಸ್‌ನಲ್ಲಿ ಆರ್ಡುಯಿನೋದ ಎರಡು ಕಿರಿಕಿರಿ ಮೊದಲೇ ಹೇಳಿಬಿಡುತ್ತೇನೆ. ಬೋರ್ಡ್ ಚುಚ್ಚುತ್ತೀಯ, ಪೋರ್ಟ್ ಕಾಣುತ್ತದೆ, ಅಪ್‌ಲೋಡ್ ಒತ್ತಿದರೆ ಅನುಮತಿ ಇಲ್ಲ ಎನ್ನುತ್ತದೆ. ನಿನ್ನ ಹೆಸರು 'ಡಯಲ್‌ಔಟ್' ಎಂಬ ಗುಂಪಿಗೆ ಸೇರಬೇಕು. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬಂದರೆ ಸರಿ. ಎರಡನೆಯದು ಇನ್ನೂ ತಮಾಷೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ನಕಲು ಬೋರ್ಡ್‌ಗಳಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಉಬುಂಟು 22.04ರಲ್ಲಿ ಅಂಥ ಬೋರ್ಡ್ ಚುಚ್ಚಿದರೆ ಪೋರ್ಟ್ ಹೀಗೆ ಬಂದು ಹಾಗೆ ಮಾಯ. ಕುರುಡರ ಬ್ರೈಲ್ ಉಪಕರಣಕ್ಕಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ, ಇದು ನನ್ನದೇ ಉಪಕರಣ ಎಂದುಕೊಂಡು ಪೋರ್ಟ್ ಹಿಡಿದುಕೊಂಡುಬಿಡುತ್ತದೆ. ಅದು ಬೇಕಾದವರು ಮನೆಯಲ್ಲಿ ಇಲ್ಲದಿದ್ದರೆ ತೆಗೆದುಹಾಕಿದರೆ ಆಯಿತು. ಬೋರ್ಡ್ ಸುಟ್ಟಿದೆ ಎಂದು ಎಸೆಯಬೇಡ.

ಆರ್ಚ್ ಬಗ್ಗೆ: ಒಳ್ಳೆಯ ಓಎಸ್, ಅದರ ವಿಕಿ ಇನ್ನೂ ಒಳ್ಳೆಯದು. ಉಬುಂಟು ಹಾಕಿದವರೂ ಅದನ್ನೇ ಓದುತ್ತಾರೆ. ಆದರೆ ಇರುವುದೊಂದೇ ಲ್ಯಾಪ್‌ಟಾಪ್, ಸೆಮಿಸ್ಟರ್ ನಡುವೆ ಲ್ಯಾಬ್ ರೆಕಾರ್ಡ್ ಬರೆಯುವುದಿದೆ ಎಂದರೆ ಬೇಡ. ರಜೆಯಲ್ಲಿ, ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಯುವ ವರ್ಚುವಲ್ ಮಷೀನ್‌ನಲ್ಲಿ ಹಾಕಿ ನೋಡು. ಹಾಸ್ಟೆಲ್‌ನವರ ಬಾಯಿ ಮುಚ್ಚಿಸಲು ಅಷ್ಟು ಸಾಕು.

ಪ್ರಶ್ನೆ: ನಾನು ವೀಣೆ ಹೇಳಿಕೊಡುತ್ತೇನೆ. ಈಗ ಅರ್ಧ ಶಿಷ್ಯರು ನ್ಯೂಜೆರ್ಸಿ, ಟೆಕ್ಸಸ್ ಕಡೆ, ಪಾಠ ಜೂಮ್‌ನಲ್ಲಿ. ವೀಣೆಯ ನಾದ ಮಧ್ಯೆ ಮಧ್ಯೆ ಕತ್ತರಿಸಿದಂತೆ ಕೇಳುತ್ತದೆ ಎಂದು ಶಿಷ್ಯರ ದೂರು. 'ವಿಂಡೋಸ್ ಸರಿಯಿಲ್ಲ, ಮ್ಯಾಕ್ ತಂದುಕೊಡ್ತೀನಿ' ಎನ್ನುತ್ತಾನೆ ಅಮೆರಿಕದಲ್ಲಿರುವ ಮಗ. ತರಿಸಿಕೊಳ್ಳಲೇ? ಅವನ ಹಳೇ ಮ್ಯಾಕ್‌ಬುಕ್ ಕೂಡ ಇದೆಯಂತೆ.
— ಓದುಗರು, ಮೈಸೂರು

ಉತ್ತರ: ಅಮ್ಮಾ, ಮಗ ಪ್ರೀತಿಯಿಂದ ಕೊಡುವುದನ್ನು ಬೇಡ ಎನ್ನಲು ನಾನ್ಯಾರು! ಆದರೆ ನಾದ ಕತ್ತರಿಸುವುದು ವಿಂಡೋಸಿನ ಕೆಲಸ ಇರಲಾರದು. ಜೂಮ್‌ನಂಥವು ಮಾತಿಗೆಂದು ಮಾಡಿದವು. ಫ್ಯಾನ್ ಸದ್ದು, ಮಿಕ್ಸಿ ಸದ್ದಿನಂತೆ ಒಂದೇ ಸಮ ಬರುವ ದನಿಯನ್ನು ಗದ್ದಲ ಎಂದು ತಿಳಿದು ಅಳಿಸುತ್ತವೆ. ತಂಬೂರಿ ಶ್ರುತಿ ಅದಕ್ಕೆ ಗದ್ದಲವೇ. ನೀವು ಮೀಟಿದ ಮೇಲೆ ಎಳೆಯಾಗಿ ಉಳಿಯುವ ನಾದವೂ ಗದ್ದಲವೇ. ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆಂದೇ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ. ಅದನ್ನು ಆಯ್ದುಕೊಂಡು, ಪಾಠ ಶುರುವಾದಾಗ ಪರದೆಯ ಮೇಲಿನ ಗುಂಡಿಯಲ್ಲಿ ಆನ್ ಆಗಿದೆಯಾ ನೋಡಿ. ಎಕೋ ತೆಗೆಯುವ ಆಯ್ಕೆಯನ್ನೂ ಆಫ್ ಮಾಡುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಒಂದು ಯುಎಸ್‌ಬಿ ಮೈಕ್ ತಂದು ವೀಣೆಯ ಕೊಡದ ಕಡೆಗೆ ತಿರುಗಿಸಿಡಿ. ಮೊದಲು ಇಷ್ಟು ಮಾಡಿ.

ಇಷ್ಟಾದ ಮೇಲೂ ಮ್ಯಾಕ್ ಬರಲಿ ಎಂದರೆ ಬರಲಿ. ಪಾಠ ರೆಕಾರ್ಡ್ ಮಾಡಿ ಜೋಡಿಸುವುದಕ್ಕೆ ಅದರಲ್ಲಿ ಗರಾಜ್‌ಬ್ಯಾಂಡ್ ಬಿಟ್ಟಿ ಸಿಗುತ್ತದೆ. ಮೈಕ್, ಆಡಿಯೋ ಇಂಟರ್‌ಫೇಸ್ ಚುಚ್ಚಿದರೆ ಹೆಚ್ಚಿನವು ಡ್ರೈವರ್ ಕೇಳದೆ ಓಡುತ್ತವೆ. ಈ ಒಂದು ವಿಷಯದಲ್ಲಿ ಮ್ಯಾಕ್‌ಗೆ ನನ್ನ ಮತ. ಮಗ ತರುವುದು ಮ್ಯಾಕ್ ಮಿನಿ ಆದರೆ, ಅದು ಬರೀ ಡಬ್ಬಿ. ಮಾನಿಟರ್, ಕೀಬೋರ್ಡ್, ಕ್ಯಾಮೆರಾ ಬೇರೆ ಬೇಕು. ಬ್ಯಾಟರಿ ಇಲ್ಲ, ಆದ್ದರಿಂದ ಯುಪಿಎಸ್ ಕೂಡ. ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. 2024ರ ಮಾದರಿಯಲ್ಲಿ ಕಡಿಮೆ ಎಂದರೂ 16 ಜಿಬಿ ಇರುತ್ತದೆ, ನಿಮಗೆ ಸಾಕು. ಅಮೆರಿಕದಲ್ಲಿ ಕೊಂಡರೂ ನಮ್ಮ 230 ವೋಲ್ಟ್‌ಗೆ ನಡೆಯುತ್ತದೆ, ಪ್ಲಗ್ಗು ಮಾತ್ರ ಬೇರೆ.

ಹಳೇ ಮ್ಯಾಕ್‌ಬುಕ್ ವಿಷಯದಲ್ಲಿ ಹುಷಾರು. 2020ರ ಕೊನೆಯಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಅದಕ್ಕೂ ಹಿಂದಿನ ಮ್ಯಾಕ್‌ಬುಕ್‌ಗಳಲ್ಲಿ ಇರುವುದು ಇಂಟೆಲ್. ಇಂಟೆಲ್ ಯಂತ್ರಗಳಿಗೆ ಮ್ಯಾಕ್‌ಓಎಸ್ 26 ತಾಹೋ ಆವೃತ್ತಿಯೇ ಕೊನೆ ಎಂದು ಆಪಲ್ 2025ರಲ್ಲೇ ಹೇಳಿದೆ. ತಾಹೋ ಕೂಡ ಇಂಟೆಲ್‌ನ ಕೆಲವೇ ಮಾದರಿಗಳಿಗೆ ಸಿಗುತ್ತದೆ. ಎಂ ಅಕ್ಷರದಿಂದ ಶುರುವಾಗುವ ಚಿಪ್ ಇದ್ದರೆ ತರಲಿ. ಇಲ್ಲದಿದ್ದರೆ ವಿಮಾನದಲ್ಲಿ ಆ ತೂಕಕ್ಕೆ ಬೇರೇನಾದರೂ ತರಲು ಹೇಳಿ.

ಪ್ರಶ್ನೆ: ಅಪ್ಪ ನೋಡುವುದು ಯೂಟ್ಯೂಬ್ ಮತ್ತು ಪತ್ರಿಕೆಯ ಇ-ಪೇಪರ್ ಮಾತ್ರ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಏನು ಹಾಕಲಿ?
— ಓದುಗರು, ದಾವಣಗೆರೆ

ಉತ್ತರ: ಕ್ರೋಮ್‌ಓಎಸ್ ಫ್ಲೆಕ್ಸ್. ಗೂಗಲ್‌ನದು, ಬಿಟ್ಟಿ. ತೆರೆದರೆ ಬ್ರೌಸರ್, ಮುಚ್ಚಿದರೆ ಮುಗಿಯಿತು. ಅಪ್‌ಡೇಟ್ ತಾನೇ ಮಾಡಿಕೊಳ್ಳುತ್ತದೆ. ಮೊಬೈಲಿನ ಆ್ಯಪ್‌ಗಳು ಇದರಲ್ಲಿ ಬರುವುದಿಲ್ಲ ಎಂದು ಅಪ್ಪನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ 'ವಾಟ್ಸ್ಆ್ಯಪ್ ಎಲ್ಲಿ' ಎಂದು ಮೊದಲ ದಿನವೇ ಫೋನ್ ಬರುತ್ತದೆ. ಅದನ್ನು ಬ್ರೌಸರ್‌ನಲ್ಲೇ ತೆರೆದು, ಶಾರ್ಟ್‌ಕಟ್ ಮಾಡಿ ಕೆಳಗೆ ಪಟ್ಟಿಯಲ್ಲಿ ಕೂರಿಸಿ.

ಪ್ರಶ್ನೆ: ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅಟ್ಟದ ಮೇಲೆ ಹಳೇ ಪೆಂಟಿಯಂ 4 ಇದೆ, ಕೆಳಗೆ ಕೋರ್ 2 ಡ್ಯುಯೋ ಇದೆ. ಕೆಲಸಕ್ಕೆ ಬೇರೆ ಲ್ಯಾಪ್‌ಟಾಪ್ ಇದೆ. ಇವು ಸುಮ್ನೆ ಆಡುವುದಕ್ಕೆ. ಎಲ್ಲರೂ ಹಾಕುವ ಉಬುಂಟು ಬೇಡ. ಏನಿದೆ?
— ಓದುಗರು, ಉಡುಪಿ

ಉತ್ತರ: ಸಾರ್, ಇಂಥ ಪತ್ರಕ್ಕೇ ಕಾಯುತ್ತಿರುತ್ತೇನೆ! 'ಬ್ಯಾಂಕು, ಪ್ರಿಂಟರು' ಎನ್ನುವ ಗೋಳಿಲ್ಲ.

ಕೋರ್ 2 ಡ್ಯುಯೋಗೆ ಹೈಕು ಎಂಬ ಓಎಸ್ ಹಾಕಿ. ತೊಂಬತ್ತರ ದಶಕದಲ್ಲಿ ಬಿಓಎಸ್ ಎಂದೊಂದಿತ್ತು, ಆ ಕಾಲಕ್ಕೆ ವಿಡಿಯೋ, ಆಡಿಯೋ ಓಡಿಸುವುದರಲ್ಲಿ ಭಾರೀ ಚುರುಕು. ಕಂಪನಿ ಮುಚ್ಚಿತು. ಅದನ್ನು ಇಷ್ಟಪಟ್ಟವರು 2001ರಲ್ಲಿ ಸೇರಿ ಮೊದಲಿನಿಂದ ಬರೆಯಲು ಶುರು ಮಾಡಿದರು. ಇನ್ನೂ ಬರೆಯುತ್ತಿದ್ದಾರೆ. ಐದನೇ ಬೀಟಾ (ಪ್ರಯೋಗದ ಆವೃತ್ತಿ) 2024ರ ಸೆಪ್ಟೆಂಬರಿನಲ್ಲಿ ಬಂತು. ಇದು ಲಿನಕ್ಸ್ ಅಲ್ಲ, ವಿಂಡೋಸೂ ಅಲ್ಲ. ಕಿಟಕಿಯ ಶೀರ್ಷಿಕೆ ಪೂರ್ತಿ ಪಟ್ಟಿಯಾಗಿರದೆ ಚಿಕ್ಕ ಹಳದಿ ಚೀಟಿಯ ಹಾಗಿರುತ್ತದೆ. ಎರಡು ಬೇರೆ ಪ್ರೋಗ್ರಾಂಗಳ ಕಿಟಕಿಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಕಿಟಕಿ ಮಾಡಬಹುದು. ಹಳೇ ಯಂತ್ರದಲ್ಲೂ ಚಟ್ ಎಂದು ಏಳುತ್ತದೆ. 32 ಬಿಟ್ ಆವೃತ್ತಿ ಹಾಕಿಕೊಂಡರೆ ಹಳೇ ಬಿಓಎಸ್ ಪ್ರೋಗ್ರಾಂಗಳೂ ಓಡುತ್ತವೆ. ವೈಫೈ ಕೈಕೊಟ್ಟರೆ ತಂತಿ ಎಳೆಯಿರಿ, ನಿಮಗೆ ತಂತಿ ಎಳೆಯುವುದನ್ನು ನಾನು ಹೇಳಿಕೊಡಬೇಕೇ!

ಒಳಗೇನು ನಡೆಯುತ್ತದೆ ಎಂದು ತಿಳಿಯುವ ಆಸೆ ಇದ್ದರೆ ಫ್ರೀಬಿಎಸ್‌ಡಿ. ಇದೂ ಲಿನಕ್ಸ್ ಅಲ್ಲದ ಬೇರೊಂದು ಓಎಸ್, 1993ರಿಂದ ಇದೆ. ಹಾಕಿದ ಕೂಡಲೇ ಚಿತ್ರದ ಪರದೆ ಬರುತ್ತದೆ ಎಂದುಕೊಳ್ಳಬೇಡಿ. ಕಪ್ಪು ಪರದೆ, ಲಾಗಿನ್, ಅಷ್ಟೆ. ಮುಂದಿನದ್ದೆಲ್ಲ ನೀವೇ ಕಟ್ಟಿಕೊಳ್ಳಬೇಕು. ಆದರೆ ಅದರ ಕೈಪಿಡಿ ಎಷ್ಟು ಚೆನ್ನಾಗಿದೆ ಎಂದರೆ, ಹೇಳಿದ್ದು ಹೇಳಿದ ಹಾಗೆ ನಡೆಯುತ್ತದೆ. ಇಲಾಖೆಯ ದಪ್ಪ ಮ್ಯಾನ್ಯುಯಲ್ ಓದಿ ಎಕ್ಸ್‌ಚೇಂಜ್ ನಡೆಸಿದವರಿಗೆ ಹಿಡಿಸುತ್ತದೆ ಎಂದು ನನ್ನ ಅಂದಾಜು.

ಪೆಂಟಿಯಂ 4 ಕಷ್ಟ. ಹೆಚ್ಚಿನವು 32 ಬಿಟ್, ಅಂದರೆ ಹಳೇ ತಲೆಮಾರಿನ ಪ್ರೊಸೆಸರ್, ದೊಡ್ಡ ಲಿನಕ್ಸ್‌ಗಳು ಅವನ್ನು ಒಂದೊಂದಾಗಿ ಕೈಬಿಟ್ಟವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ಡೆಬಿಯನ್ 12 ಹಾಕಬಹುದು, ಆದರೆ ಅದರಲ್ಲಿ ಈಗಿನ ವೆಬ್ ಪುಟ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಇಂಟರ್‌ನೆಟ್ ಆಸೆ ಬಿಟ್ಟು, ಹಳೇ ಡಾಸ್‌ನ ಬಿಟ್ಟಿ ರೂಪವಾದ ಫ್ರೀಡಾಸ್ ಹಾಕಿ, ಹಳೇ ಡಾಸ್ ಆಟ ಆಡಿ. ಅಟ್ಟದಿಂದ ಇಳಿಸಿದ ಕೂಡಲೇ ಕರೆಂಟ್ ಕೊಡಬೇಡಿ. ಕರಾವಳಿಯ ಮಳೆಗಾಲ ಕಂಡ ಯಂತ್ರ ಅದು. ಮುಚ್ಚಳ ತೆಗೆದು ಧೂಳು ಹೊಡೆಯಿರಿ, ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅವನ್ನು ಬದಲಾಯಿಸುವುದೇ ಮೊದಲ ಆಟ. ಓಎಸ್ ಆಮೇಲೆ. ಸೋಲ್ಡರಿಂಗ್ ಐರನ್ ಮನೆಯಲ್ಲೇ ಇರಬೇಕಲ್ಲ?